ಕಲ್ಲೋಳಿಯ ಕಲ್ಲು ಯಾರದು?

ಗೋಕಾಕ ಎಂದೊಡನೆ ಸಾಹಿತ್ಯದ ವಿದ್ಯಾರ್ಥಿಗೆ ಮೊದಲು ನೆನಪಾಗುವವರು ವಿ.ಕೃ. ಗೋಕಾಕರು, ಅನಂತರ 1982ರ ಚಳವಳಿ. ಆದರೆ ವಿನಾಯಕರು ಹುಟ್ಟಿದ್ದು ಸವಣೂರಿನಲ್ಲಿ. ಚಳವಳಿಗೆ ಆ ಹೆಸರು ಬಂದದ್ದು ಅವರ ಅಧ್ಯಕ್ಷತೆಯ ಸಮಿತಿಯ ವರದಿಯಿಂದ. ಊರಿಗೂ ಚಳವಳಿಗೂ ಇರುವ ನಂಟು ಒಂದು ಅಡ್ಡಹೆಸರಿನಷ್ಟು ಮಾತ್ರ. ಉಳಿದವರಿಗೆ ಗೋಕಾಕವೆಂದರೆ ಜಲಪಾತ ಮತ್ತು ಕರದಂಟು. ಹುಕ್ಕೇರಿಯೆಂದರೆ ಆದಿಲಶಾಹಿ ಕಾಲದ ಗುಮ್ಮಟಗಳು. ಮೂಡಲಗಿಗಂತೂ ಶಿವಬೋಧರಂಗ ಮಠವನ್ನು ಬಲ್ಲವರನ್ನು ಬಿಟ್ಟರೆ ಹೊರಗಿನವರ ಮನಸ್ಸಿನಲ್ಲಿ ಚಿತ್ರವೇ ಇಲ್ಲ. ಘಟಪ್ರಭೆಯ ನೀರನ್ನು ಉಂಡು ಬೆಳೆದ ಈ ಮೂರು ತಾಲೂಕುಗಳ ಸೀಮೆಗೆ ತನ್ನದೇ ಆದ ಒಂದು ಚರಿತ್ರೆ ಇದೆಯೆಂಬುದನ್ನು ನಾವು ಒಪ್ಪಿಕೊಂಡಂತೆಯೇ ಇಲ್ಲ. ಸವದತ್ತಿಯ ರಟ್ಟರ ಚರಿತ್ರೆಗೆ ಅದು ಅಡಿಟಿಪ್ಪಣಿ, ಧಾರವಾಡದ ಸಾಹಿತ್ಯ ಚರಿತ್ರೆಗೆ ಅನುಬಂಧ. ಜೈನ ಲೇಖಕರಾದ ನಮಗೆ ಅದು ಇನ್ನೂ ಕಿರಿದಾದ ಒಂದು ವಸ್ತುವಾಗಿದೆ: ಕಳೆದುಹೋದ ಬಸದಿಗಳ ಪಟ್ಟಿ.

ಈ ಕೊನೆಯ ಅಭ್ಯಾಸವನ್ನು ಕುರಿತೇ ಇಲ್ಲಿ ಕೆಲವು ಮಾತು ಹೇಳಬೇಕಾಗಿದೆ. ಅದು ತಪ್ಪೆಂದು ನನ್ನ ಅಭಿಪ್ರಾಯ. ಮೊದಲು ಈ ಸೀಮೆಯ ದಾಖಲೆಗಳನ್ನು ನೋಡೋಣ.

ಗೋಕಾಕದ ತಾಮ್ರಶಾಸನವೊಂದು ಎಪಿಗ್ರಾಫಿಯಾ ಇಂಡಿಕಾದ 21ನೆಯ ಸಂಪುಟದಲ್ಲಿ ಪ್ರಕಟವಾಗಿದೆ. ರಾಷ್ಟ್ರಕೂಟ ವಂಶದ ದೇಜ್ಜ ಮಹಾರಾಜನ ಕಾಲದಲ್ಲಿ ಸೇಂದ್ರಕ ಕುಲದ ಇಂದ್ರಣಂದನು ಅರ್ಹಂತರ ಪೂಜೆಗೆಂದು ಜಂಬುಖಂಡಿ ಗಣದ ಆಚಾರ್ಯ ಆರ್ಯಣಂದಿಗೆ ಭೂಮಿ ಕೊಟ್ಟದ್ದನ್ನು ಅದು ಹೇಳುತ್ತದೆ. ಈ ದೇಜ್ಜ ಯಾರು, ಮಳಖೇಡದ ರಾಷ್ಟ್ರಕೂಟರಿಗೂ ಅವನಿಗೂ ಏನು ಸಂಬಂಧ ಎಂಬುದು ಬಗೆಹರಿದಿಲ್ಲ. ಶಾಸನ ತನ್ನ ಕಾಲವನ್ನು ಶಕವರ್ಷದಲ್ಲಿ ಹೇಳದೆ ‘ಆಗುಪ್ತಾಯಿಕ’ ರಾಜರ 845 ವರ್ಷಗಳು ಕಳೆದಾಗ ಎಂದು ಹೇಳುತ್ತದೆ. ಇಂಥ ಗಣನೆ ಬಹು ಅಪರೂಪದ್ದು. ಇದನ್ನು ಜೈನ ಪರಂಪರೆಯ ಚಂದ್ರಗುಪ್ತ ಮೌರ್ಯನ ಕಾಲಗಣನೆಗೆ ಹೊಂದಿಸಿ 6ನೆಯ ಶತಮಾನವೆಂದವರಿದ್ದಾರೆ, ಒಮ್ಮತವಿಲ್ಲ. ಜಂಬುಖಂಡಿ ಎಂಬ ಹೆಸರನ್ನು ನೆರೆಯ ಜಮಖಂಡಿಯೊಡನೆ ಹೊಂದಿಸುವುದಂತೂ ಸಹಜವಾಗಿದೆ. ಅಂದರೆ ಬಾದಾಮಿಯ ಚಾಳುಕ್ಯರು ಬೆಳಕಿಗೆ ಬರುತ್ತಿದ್ದ ಅಥವಾ ಬಂದು ಹೆಚ್ಚು ಕಾಲವಾಗಿರದ ಹೊತ್ತಿಗೇ ಈ ಹೊಳೆದಂಡೆಯಲ್ಲಿ ಊರಿನ ಹೆಸರನ್ನೇ ತನ್ನ ಹೆಸರಾಗಿಸಿಕೊಂಡ ಒಂದು ಮುನಿಸಂಘವಿತ್ತು. ದೊಡ್ಡ ರಾಜಧಾನಿಯಿಂದ ಕಳಿಸಿಕೊಟ್ಟ ಧರ್ಮವಲ್ಲ ಅದು. ಇಲ್ಲಿಯ ಮಣ್ಣಿನಲ್ಲಿಯೇ ಬೇರೂರಿ ಇಲ್ಲಿಯ ಹೆಸರಿನಿಂದ ಕರೆಸಿಕೊಂಡದ್ದು.

ಎರಡನೆಯದು ಕೊಣ್ಣೂರು. ಇಲ್ಲಿ ಸಂಶೋಧನ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ಬಂಕೆಯನ ದಾನವನ್ನು ಹೇಳುವ, ಅಮೋಘವರ್ಷನ ಹೆಸರಿನ ಪ್ರಸಿದ್ಧ ಶಾಸನದ ಕೊಣ್ಣೂರು ಇದಲ್ಲ. ಅದು ನರಗುಂದದ ಬಳಿಯದು, ಶಾಸನದ ಕೊಳನೂರು. ಗೋಕಾಕದ ಕೊಣ್ಣೂರು ಶಾಸನಗಳ ಕೊಂಡನೂರು. ಈ ಎರಡನ್ನೂ ಒಂದೇ ಊರೆಂದು ಬಗೆದು ಬರೆದ ಪ್ರಬಂಧಗಳನ್ನು ನಾನು ಓದಿದ್ದೇನೆ. ಗೋಕಾಕದ ಕೊಣ್ಣೂರಿನಲ್ಲಿ ಬೃಹತ್ ಶಿಲಾಯುಗದ ಕಲ್ಗೋರಿಗಳಿವೆ. 1087ರಲ್ಲಿ ನಿಧಿಯಮ ಗಾಮುಂಡನು ಜಿನಾಲಯ ಕಟ್ಟಿಸಿದ್ದನ್ನು ಹೇಳುವ ಶಾಸನವಿದೆ. ಗಾಮುಂಡನೆಂದರೆ ಊರಗೌಡ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ, ಸವದತ್ತಿಯಲ್ಲಿ ರಟ್ಟರು ಆಳುತ್ತಿದ್ದಾಗ ಬಸದಿ ಕಟ್ಟಿಸಿದವನು ಊರಿನ ಒಕ್ಕಲುತನದ ಮುಖ್ಯಸ್ಥ. ಮುಂದೆ ಇಪ್ಪತ್ತನೆಯ ಶತಮಾನದಲ್ಲಿ ಆಚಾರ್ಯ ಶಾಂತಿಸಾಗರ ಮಹಾರಾಜರು ತಪಸ್ಸಿಗೆ ನಿಂತದ್ದು ಇದೇ ಕೊಣ್ಣೂರಿನ ಗುಹೆಯಲ್ಲಿ. ಮೈಮೇಲೆ ಹಾವು ಹರಿದ ಕಥೆಯನ್ನು ನಮ್ಮ ಮನೆಗಳ ಮುದುಕಿಯರು ಇಂದಿಗೂ ಹೇಳುತ್ತಾರೆ. ಅದೇ ಊರು ಇಂದು ಗೋಕಾಕ ಫಾಲ್ಸಿನ ನೂಲಿನ ಗಿರಣಿಯ ಕಾರ್ಮಿಕರ ಊರೂ ಹೌದು. ಒಂದು ಊರಿನಲ್ಲಿ ಇಷ್ಟು ಪದರಗಳಿರುವಾಗ ಅದರಿಂದ ಒಂದೇ ಎಳೆಯನ್ನು ಕಿತ್ತು ‘ಜೈನ ಕೇಂದ್ರ’ ಎಂಬ ಚೀಟಿ ಅಂಟಿಸಿದರೆ ಚರಿತ್ರೆಯ ಕೆಲಸ ಮುಗಿಯುವುದಿಲ್ಲ.

ಮೂರನೆಯದು ಕಲ್ಲೋಳಿ. ಗೋಕಾಕದಿಂದ ಮೂಡಲಗಿಯ ಕಡೆಗಿರುವ ಈ ಊರನ್ನು ಜನ ಇಂದು ಹನುಮಪ್ಪನ ಗುಡಿಯಿಂದ ಬಲ್ಲರು. ಶಾಸನದಲ್ಲಿ ಅದು ಕಲ್ಪೊಳೆ. ಹಳಗನ್ನಡದ ಪಕಾರ ಹಕಾರವಾಗಿ, ಆ ಹಕಾರವೂ ಕರಗಿ ಕಲ್ಲೋಳಿಯಾದುದನ್ನು ಭಾಷಾಶಾಸ್ತ್ರದ ಮೇಷ್ಟರು ಪಾಠಕ್ಕೆ ಉದಾಹರಣೆಯಾಗಿ ಕೊಡಬಹುದು. ‘ಕಲ್ಹೊಳಿ’ ಎಂಬ ನಡುವಿನ ರೂಪ ಗ್ಯಾಸೆಟಿಯರಿನಲ್ಲಿಯೂ ಶಾಸನ ಸಂಪುಟಗಳಲ್ಲಿಯೂ ಉಳಿದಿದೆ. ಹೊಸ ಓದುಗರು ಅದನ್ನು ಬೇರೆ ಊರೆಂದು ತಿಳಿಯುವುದುಂಟು. ಕ್ರಿ.ಶ. 1204–05ರ ಈ ಶಾಸನದ ಕಾಲಕ್ಕೆ ನಾಲ್ಕನೆಯ ಕಾರ್ತವೀರ್ಯನು ವೇಣುಗ್ರಾಮದಿಂದ, ಅಂದರೆ ಬೆಳಗಾವಿಯಿಂದ, ಕೂಂಡಿ ಮೂರುಸಾವಿರವನ್ನು ಆಳುತ್ತಿದ್ದ. ಕೂಂಡಿಯೊಳಗೆ ಕುರುಂಬೆಟ್ಟ ಕಂಪಣ. ಆ ಹೆಸರು ಇಂದಿನ ಕುರಬೇಟದಲ್ಲಿ ಉಳಿದಿದೆ. ಆ ಕಂಪಣದ ಕಲ್ಪೊಳೆಯಲ್ಲಿ ಯಾದವ ಕುಲದ ರಾಜನೆಂಬ ಮಾಂಡಲಿಕನು ಶಾಂತಿನಾಥನ ಬಸದಿ ಕಟ್ಟಿಸಿದ. ದಾನ ಸ್ವೀಕರಿಸಿದವರು ಶುಭಚಂದ್ರ ಭಟ್ಟಾರಕರು.

ಈ ಶಾಸನದ ರಚನಕಾರ ಪಾರ್ಶ್ವಪಂಡಿತನೆಂದು ಕವಿಚರಿತೆಕಾರರು ಗುರುತಿಸಿದ್ದಾರೆ. 1222ರಲ್ಲಿ ಪಾರ್ಶ್ವನಾಥ ಪುರಾಣವೆಂಬ ಚಂಪೂಕಾವ್ಯವನ್ನು ಬರೆದ ಕವಿ ಅವನು. ಈ ಒಂದು ಸಂಗತಿಯ ಮೇಲೆ ನಮ್ಮ ಸಾಹಿತ್ಯ ಚರಿತ್ರೆ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು. ಆಸ್ಥಾನದ ಕವಿ ಒಂದು ಹಳ್ಳಿಯ ದಾನಪತ್ರವನ್ನು ರಚಿಸುತ್ತಾನೆ. ಅದರಲ್ಲಿ ನಾಡಿನ ವರ್ಣನೆ ಬರುತ್ತದೆ, ಅರಸನ ವಂಶ ಬರುತ್ತದೆ, ಗುರುಪರಂಪರೆ ಬರುತ್ತದೆ; ಕೊನೆಗೆ ಮಹಾಕಾವ್ಯದ ಕೈಯೇ ಹೊಲದ ಮೇರೆಗಳಿಗೆ, ದಾನದ ಲೆಕ್ಕಕ್ಕೆ ಇಳಿಯುತ್ತದೆ. ಪುರಾಣವನ್ನು ಓದುವ ವಿದ್ಯಾರ್ಥಿ ಶಾಸನವನ್ನು ಇತಿಹಾಸ ವಿಭಾಗಕ್ಕೆ ಬಿಡುತ್ತಾನೆ. ಶಾಸನವನ್ನು ಓದುವವನು ಅರಸನ ಹೆಸರು ಮತ್ತು ತಿಥಿಯನ್ನು ಕಿತ್ತುಕೊಂಡು ಪದ್ಯಗಳನ್ನು ಬಿಡುತ್ತಾನೆ. ಹೊಲದ ಮೇರೆಗಳನ್ನು ಮಾತ್ರ ಇಬ್ಬರೂ ಓದುವುದಿಲ್ಲ. ಅದೇ ಕಾಲದ ಬೆಳಗಾವಿಯ ರಟ್ಟ ಜಿನಾಲಯದ ಶಾಸನವನ್ನು ಬರೆದ ಬಾಲಚಂದ್ರ ಕವಿಕಂದರ್ಪನ ಪಾಡೂ ಇದೇ.

ಇನ್ನು ನನ್ನ ಮುಖ್ಯ ಮಾತು. ಕಲ್ಲೋಳಿಯ ಈ ಶಾಸನ ಇರುವುದು ಸಿದ್ಧೇಶ್ವರ ದೇವಾಲಯದಲ್ಲಿ. ಶಾಂತಿನಾಥನ ಬಸದಿಯ ದಾನವನ್ನು ಹೇಳುವ ಕಲ್ಲು ಶಿವನ ಗುಡಿಯಲ್ಲಿದೆ. ನಮ್ಮ ಸಮಾಜದ ಸಭೆಗಳಲ್ಲಿ ಈ ಸಂಗತಿ ಬಂದಾಗಲೆಲ್ಲ ಒಂದೇ ಬಗೆಯ ನಿಟ್ಟುಸಿರು ಕೇಳಿಬರುತ್ತದೆ: ‘ಅದೂ ನಮ್ಮದೇ ಆಗಿತ್ತು.’ ಈಚೆಗೆ ಆ ನಿಟ್ಟುಸಿರಿಗೆ ಹಲ್ಲು ಬಂದಿದೆ. ಎಲ್ಲೆಲ್ಲಿ ಗುಡಿಯ ಲಲಾಟದಲ್ಲಿ ಜಿನಬಿಂಬದ ಗುರುತಿದೆಯೋ ಅಲ್ಲೆಲ್ಲ ಪಟ್ಟಿ ಮಾಡಬೇಕು ಎಂಬ ಉತ್ಸಾಹ ತರುಣರಲ್ಲಿದೆ. ಪಟ್ಟಿ ಮಾಡುವುದಕ್ಕೆ ನನ್ನ ಆಕ್ಷೇಪವಿಲ್ಲ. ಶಾಸ್ತ್ರೀಯವಾಗಿ ಮಾಡಿದರೆ ಅದು ಒಳ್ಳೆಯ ಕೆಲಸವೇ. ಪಟ್ಟಿಯ ಶೀರ್ಷಿಕೆಯನ್ನು ನಾನು ಒಪ್ಪಲಾರೆ.

ಒಂದು ಸರಳವಾದ ಪ್ರಶ್ನೆ ಕೇಳಿಕೊಳ್ಳೋಣ. ಆ ಕಲ್ಲು ಎಂಟುನೂರು ವರ್ಷ ಹೇಗೆ ಉಳಿಯಿತು? ದೀಪ ಹಚ್ಚುವವರಿದ್ದ ಗುಡಿಯಲ್ಲಿ ಇದ್ದುದರಿಂದ ಉಳಿಯಿತು. ಪಾಳುಬಿದ್ದ ಬಸದಿಗಳ ಕಲ್ಲುಗಳು ಬಾವಿಯ ಕಟ್ಟೆಗೆ, ಕಾಲುವೆಯ ಅಡಿಪಾಯಕ್ಕೆ, ದನದ ಕೊಟ್ಟಿಗೆಗೆ ಹೋಗಿವೆ. ಪೂಜೆಯಿದ್ದ ಗುಡಿಯ ಕಲ್ಲನ್ನು ಯಾರೂ ಕೀಳಲಿಲ್ಲ. ಓದಲು ಬಾರದ ಅಕ್ಷರವನ್ನು ದೇವರ ಅಕ್ಷರವೆಂದು ಊರವರು ಕಾಯ್ದರು. 1870ರ ದಶಕದಲ್ಲಿ ಫ್ಲೀಟ್ ಸಾಹೇಬರು ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ನಿಯತಕಾಲಿಕದಲ್ಲಿ ರಟ್ಟರ ಶಾಸನಗಳನ್ನು ಅಚ್ಚುಹಾಕಿಸುವವರೆಗೆ ಕಾಯ್ದವರು ಸಿದ್ಧೇಶ್ವರನ ಭಕ್ತರು. ಅವರು ಕಸಿದುಕೊಂಡವರೆಂದು ಬರೆಯುವ ಮುನ್ನ ಅವರು ಕಾಯ್ದವರೆಂಬುದನ್ನು ಬರೆಯಬೇಕಲ್ಲವೇ?

ಇದಕ್ಕೆ ಬರುವ ಆಕ್ಷೇಪವನ್ನು ನಾನು ಬಲ್ಲೆ. ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಎಲ್ಲವೂ ಸೌಹಾರ್ದದಿಂದ ನಡೆಯಲಿಲ್ಲ. ಏಕಾಂತದ ರಾಮಯ್ಯನ ಕಥೆಯನ್ನು ಅಬ್ಬಲೂರಿನ ಶಾಸನವೇ ಹೇಳುತ್ತದೆ. ಬಸದಿಯ ಜಿನನನ್ನು ಒಡೆದುದನ್ನು ಅದು ಮರೆಮಾಚುವುದಿಲ್ಲ, ಹೆಮ್ಮೆಯಿಂದಲೇ ಹೇಳುತ್ತದೆ. ಆ ದಾಖಲೆಯನ್ನು ಒರೆಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅಬ್ಬಲೂರಿನ ಕಥೆಯನ್ನು ತಂದು ಕಲ್ಲೋಳಿಗೆ ಅಂಟಿಸಲು ಕಲ್ಲೋಳಿಯದೇ ಆಧಾರ ಬೇಕು. ಕೂಂಡಿ ನಾಡಿನ ದಾಖಲೆಗಳು ಬೇರೊಂದು ಬಗೆಯ ಸಾಕ್ಷಿಯನ್ನೂ ಕೊಡುತ್ತವೆ. 1228–29ರ ಸವದತ್ತಿಯ ಶಾಸನವನ್ನು ನೋಡಿ. ದಾನ ಸಂದದ್ದು ಶಿವಾಲಯಕ್ಕೆ. ಅದರಲ್ಲಿಯೇ ರಟ್ಟರ ರಾಜಗುರುವೂ ರಾಜ್ಯಭಾರದ ಆಧಾರವೂ ಆಗಿದ್ದ ಜೈನ ಮುನಿಚಂದ್ರನ ಹೊಗಳಿಕೆಯಿದೆ. ಒಂದೇ ಅರಸುಮನೆತನ, ಒಂದೇ ತಲೆಮಾರು. ಬಸದಿಗೂ ಲಿಂಗಕ್ಕೂ ಕೊಟ್ಟ ಕೈ ಒಂದೇ ಆಗಿದ್ದಾಗ, ಇಂದಿನ ಜಾತಿಪಟ್ಟಿಯನ್ನು ಹಿಡಿದು ಅಂದಿನ ಊರನ್ನು ಹೋಳುಮಾಡುವುದು ಚರಿತ್ರೆಯ ಕೆಲಸವಾಗದು. ಅಂದಿನ ಗಾಮುಂಡರ ವಂಶದವರು ಎಲ್ಲಿಗೂ ಹೋಗಿರಲಾರರು. ಕೆಲವರು ಇಂದಿನ ಚತುರ್ಥ, ಪಂಚಮ ಜೈನ ಒಕ್ಕಲಿಗರಲ್ಲಿರಬಹುದು, ಕೆಲವರು ಲಿಂಗಾಯತರಲ್ಲಿರಬಹುದು. ಕಳೆದುಕೊಂಡವರು, ಪಡೆದುಕೊಂಡವರು ಎಂದು ನಾವು ಯಾರನ್ನು ಬೇರೆಮಾಡುತ್ತಿದ್ದೇವೆ? ಒಂದೇ ಬಣದ ಮೊಮ್ಮಕ್ಕಳನ್ನೇ ಇರಬಹುದು.

ಇಂಗ್ಲೆಂಡಿನ ಗ್ರಾಮೀಣ ಕೌಂಟಿಗಳ ಚರಿತ್ರೆಯನ್ನು ಬರೆದವರಿಂದ ಈ ವಿಷಯದಲ್ಲಿ ಕಲಿಯಬೇಕಾದದ್ದಿದೆ. 1899ರಲ್ಲಿ ಅಲ್ಲಿ ‘ವಿಕ್ಟೋರಿಯಾ ಕೌಂಟಿ ಹಿಸ್ಟರಿ’ ಎಂಬ ಯೋಜನೆ ಆರಂಭವಾಯಿತು. ಕೌಂಟಿಯೊಂದನ್ನು ಹಿಡಿದು ಒಂದೊಂದು ಹಳ್ಳಿಯ ಇಗರ್ಜಿ, ಜಮೀನು, ಗಿರಣಿ, ಶಾಲೆಗಳ ಚರಿತ್ರೆಯನ್ನು ದಾಖಲಿಸುವ ಆ ಕೆಲಸ ಇಂದಿಗೂ ಮುಗಿದಿಲ್ಲ. ಡೆವನ್ ಸೀಮೆಯ ಹಾಸ್ಕಿನ್ಸ್ 1955ರಲ್ಲಿ ಪ್ರಕಟಿಸಿದ ‘ದಿ ಮೇಕಿಂಗ್ ಆಫ್ ದಿ ಇಂಗ್ಲಿಷ್ ಲ್ಯಾಂಡ್‌ಸ್ಕೇಪ್’ ಹೊಲದ ಬದು, ಬೇಲಿ, ಓಣಿಗಳೂ ದಾಖಲೆಗಳೇ ಎಂದು ತೋರಿಸಿತು. ಅಲ್ಲಿಯ ಹಳ್ಳಿಯ ಇಗರ್ಜಿಗಳೂ ಹದಿನಾರನೆಯ ಶತಮಾನದಲ್ಲಿ ಒಂದು ಪಂಥದಿಂದ ಇನ್ನೊಂದಕ್ಕೆ ದಾಟಿದವೇ. ಅದನ್ನು ಹಳ್ಳಿಯ ಚರಿತ್ರೆಕಾರ ಒಂದೇ ಕಟ್ಟಡದ ಬಾಳಿನ ಎರಡು ಅಧ್ಯಾಯಗಳಾಗಿ ಬರೆಯುತ್ತಾನೆ. ಆಡಳಿತದ ಗೆರೆ ಬದಲಾದರೂ ನಾಡಿನ ನೆನಪು ಅಳಿಯುವುದಿಲ್ಲವೆಂಬುದಕ್ಕೂ ಅಲ್ಲಿ ನಿದರ್ಶನವಿದೆ: ಇಂಗ್ಲೆಂಡಿನ ಪುಟ್ಟ ಕೌಂಟಿಯಾದ ರಟ್ಲೆಂಡ್ 1974ರಲ್ಲಿ ನೆರೆಯ ಲೆಸ್ಟರ್‌ಶೈರಿನಲ್ಲಿ ಲೀನವಾಗಿ, 1997ರಲ್ಲಿ ಮತ್ತೆ ತನ್ನ ಆಡಳಿತವನ್ನು ಪಡೆಯಿತು.

ನಮಗೆ ಇರುವುದು ಕ್ಯಾಂಬೆಲ್ ಸಂಪಾದಿಸಿದ 1884ರ ಬೆಳಗಾವಿ ಗ್ಯಾಸೆಟಿಯರ್. ಅದು ದೊಡ್ಡ ಕೆಲಸವೇ. ಆದರೆ ಕಲೆಕ್ಟರನ ಮೇಜಿಗೆಂದು ಸಿದ್ಧವಾದದ್ದು. ನೂರನಾಲ್ವತ್ತು ವರ್ಷಗಳಿಂದ ನಮ್ಮ ತಾಲೂಕು ಪರಿಚಯದ ಪುಸ್ತಕಗಳು ಅದನ್ನೇ ಕನ್ನಡಿಸಿ, ಕೊನೆಗೆ ಶಾಸಕರ ಭಾವಚಿತ್ರ ಸೇರಿಸುತ್ತ ಬಂದಿವೆ. 2018ರಲ್ಲಿ ಮೂಡಲಗಿ ಬೇರೆ ತಾಲೂಕಾಯಿತು. ಜನರಿಗೆ ಅನುಕೂಲವಾಯಿತು, ಸಂತೋಷ. ಆದರೆ ಶಾಸನ ಸೂಚಿಗಳಲ್ಲಿ ಕಲ್ಲೋಳಿ ಇನ್ನೂ ಗೋಕಾಕ ತಾಲೂಕಿನಲ್ಲಿದೆ. ಮುಂದಿನ ತಲೆಮಾರಿನ ವಿದ್ಯಾರ್ಥಿ ಮೂಡಲಗಿಯ ಹೆಸರಿನಲ್ಲಿ ಹುಡುಕಿದರೆ ಅವನಿಗೆ ಏನೂ ಸಿಗುವುದಿಲ್ಲ. ಕುರುಂಬೆಟ್ಟ ಕಂಪಣವನ್ನು ಹಿಡಿದು ಹುಡುಕುವುದನ್ನು ಅವನಿಗೆ ಕಲಿಸಿದವರಾರು?

ಸಾಹಿತ್ಯದ ಕಡೆಗೆ ತಿರುಗಿದರೂ ಇದೇ ಕಥೆ. ಆಗಿನ ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಆನಂದಕಂದ ಕೃಷ್ಣಶರ್ಮರನ್ನು ನಾವು ಧಾರವಾಡದ ‘ಜಯಂತಿ’ಯ ಸಂಪಾದಕರೆಂದು ಓದುತ್ತೇವೆ. ಮಲಾಮರಡಿಯ ಬಸವರಾಜ ಕಟ್ಟೀಮನಿಯವರನ್ನು ಪ್ರಗತಿಶೀಲರ ಪಟ್ಟಿಯಲ್ಲಿ ಓದುತ್ತೇವೆ. ಮಠಗಳ ಸೀಮೆಯಲ್ಲಿ ಬೆಳೆದವನಿಗೆ ಮಾತ್ರ ‘ಜರತಾರಿ ಜಗದ್ಗುರು’ವನ್ನು ಬರೆಯುವ ಧೈರ್ಯವೂ ಒಳತಿಳಿವಳಿಕೆಯೂ ಬರುತ್ತದೆಂದು ಹೇಳುವವರು ಕಡಿಮೆ. ಅಪರಾಳ ತಮ್ಮಣ್ಣನ ಕೃಷ್ಣಪಾರಿಜಾತವನ್ನು ಬಯಲಾಟದ ಹದಕ್ಕೆ ತಂದವನು ಕುಲಗೋಡದ ತಮ್ಮಣ್ಣ. ಅದನ್ನು ತನ್ನ ಕಂಠದಿಂದ ಮನೆಮಾತಾಗಿಸಿದವಳು ಕೌಜಲಗಿಯ ನಿಂಗಮ್ಮ. ಎರಡೂ ಊರುಗಳು ಈ ಸೀಮೆಯವೇ. ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರ ಶಿವಾಪುರವನ್ನು ಎಲ್ಲರೂ ‘ಕಲ್ಪಿತ ಗ್ರಾಮ’ ಎಂದು ಬರೆಯುತ್ತಾರೆ. ಹೌದು, ಕಲ್ಪಿತವೇ. ಆದರೆ ಘಟಪ್ರಭೆಯ ದಂಡೆಯ ಮಾತಿಲ್ಲದೆ, ಸಾವಳಗಿ ಮಠದ ನೆರಳಿಲ್ಲದೆ, ಗೌಡಕಿಯ ವಾಡೆಗಳಿಲ್ಲದೆ ಆ ಊರನ್ನು ಕಲ್ಪಿಸಿಕೊಳ್ಳಲು ಯಾರಿಗೆ ಸಾಧ್ಯವಿತ್ತು?

ಇವರೆಲ್ಲರಿಗಿಂತ ನನ್ನ ವಾದಕ್ಕೆ ಹತ್ತಿರದವರು ಪ್ರೊ. ಕೆ.ಜಿ. ಕುಂದಣಗಾರರು. ಅವರೂ ಕೌಜಲಗಿಯವರೇ. ಕುಂದಣಗಾರ ಎಂಬ ಅಡ್ಡಹೆಸರು ಚಿನ್ನದಲ್ಲಿ ಹರಳು ಕೂಡಿಸುವ ಕಸುಬನ್ನು ಹೇಳುತ್ತದೆ, ಕಂಬಾರ ಎಂಬುದು ಕುಲುಮೆಯನ್ನು ಹೇಳುವಂತೆ. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಕಲಿಸುತ್ತ ಅವರು ಉತ್ತರ ಕರ್ನಾಟಕ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು 1939ರಲ್ಲಿ ಪ್ರಕಟಿಸಿದರು, ಪಂಪನ ಆದಿಪುರಾಣವನ್ನು ಸಂಪಾದಿಸಿದರು. ಅದೇ ಕಾಲೇಜಿನಲ್ಲಿ ಸದಲಗೆಯ ಡಾ. ಆ.ನೇ. ಉಪಾಧ್ಯೆಯವರು ಪ್ರಾಕೃತವನ್ನು ಕಲಿಸುತ್ತಿದ್ದರು. ಇವರಿಬ್ಬರ ದುಡಿಮೆಯಲ್ಲಿ ‘ನಮ್ಮದು, ಅವರದು’ ಎಂಬ ಮಾತಿಗೆ ಎಡೆಯಿರಲಿಲ್ಲ. ಪಾಠ ಶುದ್ಧವಾಗಿದೆಯೇ ಎಂಬುದೊಂದೇ ಅಲ್ಲಿಯ ಪ್ರಶ್ನೆ. ಅವರ ಸಂಪುಟಗಳನ್ನು ಮುಂದಿಟ್ಟುಕೊಂಡು ಇಂದಿನ ನಮ್ಮ ಪಟ್ಟಿಗಳನ್ನು ನೋಡಿದರೆ ನಾಚಿಕೆಯಾಗುತ್ತದೆ.

ಹೊತ್ತೂ ಕಡಿಮೆಯಿದೆ. 52 ಮೀಟರು ಎತ್ತರದಿಂದ ಧುಮುಕುವ ನೀರನ್ನು ನಂಬಿ 1885ರಲ್ಲಿ ಗೋಕಾಕ ಮಿಲ್ಲು ಸ್ಥಾಪನೆಯಾಯಿತು. 1897ರಲ್ಲಿ ಧೂಪದಾಳದ ಒಡ್ಡು ಮುಗಿಯಿತು. ಮುಂದೆ ಹಿಡಕಲ್ ಜಲಾಶಯ ಬಂತು. ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು. ಹಸಿದ ನಾಡಿಗೆ ಅನ್ನ ಕೊಟ್ಟ ನೀರನ್ನು ಹಳಿಯುವ ಮಾತು ನನ್ನದಲ್ಲ. ಆದರೆ ಕಬ್ಬಿಗಾಗಿ ಸಮತಟ್ಟು ಮಾಡಿದ ಪ್ರತಿಯೊಂದು ಹೊಲದಲ್ಲಿ ಒಂದು ಬದು ಅಳಿದಿದೆ, ಕೆಲವೆಡೆ ಬದುವಿನ ಮೇಲಿನ ಕಲ್ಲೂ ಹೋಗಿದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಲೋಳಸೂರಿನ ಸೇತುವೆ ಮುಳುಗಿ ಗೋಕಾಕದ ಓಣಿಗಳಿಗೆ ನೀರು ನುಗ್ಗಿತು. ಹೊಳೆಸಾಲಿನ ಹಳೆಯ ಮನೆಗಳ ಅಟ್ಟದ ಮೇಲೆ, ಗೂಡಿನೊಳಗೆ ಇದ್ದ ಬಸ್ತಾಗಳಲ್ಲಿ ಏನೇನಿತ್ತೆಂದು ನೋಡಿಟ್ಟವರು ಯಾರೂ ಇರಲಿಲ್ಲ.

ಆದ್ದರಿಂದ ನನ್ನ ಸಲಹೆ ಬಸದಿಗಳ ಪಟ್ಟಿಯಿಂದ ಶುರುವಾಗುವುದಿಲ್ಲ. ಸಂಶೋಧನ ವಿದ್ಯಾರ್ಥಿಯೊಬ್ಬ ಕಲ್ಲೋಳಿಯ ಶಾಸನದ ಮೇರೆಗಳ ಭಾಗವನ್ನು ಪ್ರತಿಮಾಡಿಕೊಂಡು ಊರಿಗೆ ಹೋಗಲಿ. ಸಿದ್ಧೇಶ್ವರನ ಗುಡಿಯ ಪೂಜಾರಿಯನ್ನೂ, ಊರಿನ ಜೈನ ಮನೆಗಳ ಹಿರಿಯರನ್ನೂ, ಹಳೆಯ ಪಾಟೀಲರ ಮನೆಯವರನ್ನೂ ಒಟ್ಟಿಗೆ ಕೂಡಿಸಲಿ. ಹೊಲಗಳಿಗೆ ಸರ್ವೆ ನಂಬರು ಬರುವ ಮೊದಲು ಯಾವ ಯಾವ ಹೆಸರಿದ್ದವು ಎಂದು ಕೇಳಲಿ: ಯಾವುದಕ್ಕೆ ಕರಲು ಎನ್ನುತ್ತಿದ್ದರು, ಯಾವುದಕ್ಕೆ ಮಾನ್ಯ ಎನ್ನುತ್ತಿದ್ದರು, ಯಾವ ಹಳ್ಳ ಯಾವ ಕಡೆಗೆ ತಿರುಗಿತ್ತು, ಮೇರೆಯ ಕಲ್ಲು ಎಲ್ಲಿತ್ತು. ಆ ಹೆಸರುಗಳನ್ನು ಹೇಳಬಲ್ಲವರು ಎಂಬತ್ತು ದಾಟಿದ್ದಾರೆ. ಪಾರ್ಶ್ವಪಂಡಿತ ಬರೆದಿಟ್ಟ ಮೇರೆಗಳಲ್ಲಿ ಒಂದಾದರೂ ಅವರ ಬಾಯಲ್ಲಿ ಸಿಕ್ಕರೆ, ಆ ಹೊಲಕ್ಕೆ ಹೋಗಿ ನಿಂತು ನೋಡಿ ಬರಲಿ. ಈಗ ಅದನ್ನು ಉಳುತ್ತಿರುವವರು ಯಾರೆಂದು ಬರೆದುಕೊಳ್ಳಲಿ.